ಏಳನೆಯ ನಂಬರಿನವರು ಎದ್ದುಹೋಗಲಿಲ್ಲ

ಈ ಸಂಗತಿಯನ್ನು ಮೊದಲು ಹೇಳಿದವಳು ಅನುಪಮಾ. ಹೇಳಿದ್ದು ಜನವರಿಯ ಎರಡನೆಯ ಭಾನುವಾರ, ಕುವೆಂಪುನಗರದಲ್ಲಿ ಅವಳು ಬಾಡಿಗೆಗಿರುವ ಮನೆಯ ತಾರಸಿಯ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ತೊಡಗಿ, ನೀರಿನ ಟ್ಯಾಂಕಿನ ನೆರಳು ಎದುರಿನ ಕಟ್ಟೆಗೋಡೆಯನ್ನು ಮುಟ್ಟುವವರೆಗೆ. ನೆನೆಹಾಕಿದ್ದ ಅವರೆಕಾಳನ್ನು ಹಿದುಕುವುದಕ್ಕೆಂದು ಮೇಲಿನ ಮನೆ, ಕೆಳಗಿನ ಮನೆ, ಎದುರುಮನೆಗಳವರು ಸೇರಿ ಒಂಬತ್ತು ಮಂದಿ ಕುಳಿತಿದ್ದರು. ಅವರೆ ಹಿದುಕುವಾಗ ಕೈಗೆ ಪೂರ್ತಿ ಕೆಲಸ, ಕಣ್ಣಿಗೆ ಅರ್ಧ ಕೆಲಸ, ಬಾಯಿಗೆ ಏನೂ ಕೆಲಸವಿಲ್ಲ. ಹೀಗಾಗಿ ಅವರೆಕಾಲದಲ್ಲಿ ಸಿಗುವಷ್ಟು ಕಥೆಗಳು ವರ್ಷದ ಉಳಿದ ಕಾಲದಲ್ಲಿ ಸಿಗುವುದಿಲ್ಲ. ಅನುಪಮಾ ತನ್ನನ್ನೇ 'ಒಬ್ಬಳು' ಎಂದು ಕರೆದು ಹೇಳತೊಡಗಿದಳು. ಕಾಳು ಅರ್ಧ ಮುಗಿಯುವ ಹೊತ್ತಿಗೆ ಆ ಒಬ್ಬಳು ಯಾರೆಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಆದ್ದರಿಂದ ಇಲ್ಲಿ ಹೆಸರನ್ನೇ ಇಡಲಾಗಿದೆ.

ಡಿಸೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಜಯಲಕ್ಷ್ಮಿಪುರಂನ ಹಳೆಯ ಮನೆಯೊಂದರ ಮಹಡಿಯ ಮೇಲಿನ ಆಫೀಸಿನಲ್ಲಿ ಅನುಪಮಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆರನೆಯ ನಂಬರಿನವರ ಮಾತನ್ನು ಕೇಳಿ ಮುಗಿಸಿದ್ದಳು. ಆ್ಯಪುಗಳು ಜನರ ಕೈಯಲ್ಲಿ ಎಷ್ಟು ಸಲೀಸಾಗಿ ನಡೆಯುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂದು ನೋಡಿ ಬರೆಯುವುದು ಅವಳ ಉದ್ಯೋಗ. ಮೊದಲೆಲ್ಲ ಜನರನ್ನು ಆಫೀಸಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ಬಿಸ್ಕತ್ತು ಕೊಟ್ಟು ಕೇಳುತ್ತಿದ್ದರು. ಈಗ ಎದುರಿಗೆ ಯಾರೂ ಇರುವುದಿಲ್ಲ. ಅವರವರು ಅವರವರ ಮನೆಯಲ್ಲೇ, ಅವರವರ ಫೋನಿನಲ್ಲೇ, ಬರೆದು ಕಳಿಸಿದ ಕೆಲಸಗಳನ್ನು ಒಂದೊಂದಾಗಿ ಮಾಡುತ್ತ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಪರದೆಯ ಮೇಲೆ ಬೆರಳು ಓಡಾಡಿದ್ದೂ ಬಾಯಿ ಆಡಿದ್ದೂ ಎರಡೂ ರೆಕಾರ್ಡ್ ಆಗಿ ಇವಳ ಬಳಿಗೆ ಬರುತ್ತವೆ. ಜನರನ್ನು ಹುಡುಕಿಕೊಡುವುದು ಬೇರೊಂದು ಏಜೆನ್ಸಿ. ಹೆಸರು ತಿಳಿಸುವುದಿಲ್ಲ, ನಂಬರು ಮಾತ್ರ. ಈ ಪದ್ಧತಿಯನ್ನು ಆಫೀಸಿಗೆ ತಂದವಳೇ ಅನುಪಮಾ. 'ಎದುರಿಗೆ ಯಾರೂ ಇಲ್ಲದಿದ್ದರೆ ಮನುಷ್ಯ ನಿಜ ಹೇಳುತ್ತಾನೆ' ಎಂದು ಅವಳು ಒಮ್ಮೆ ಸುಪ್ರೀತನ ಮುಂದೆ ವಾದಿಸಿದ್ದಳು. ಸುಪ್ರೀತ್ ಆ ಆಫೀಸಿನ ಯಜಮಾನ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಆ ವಾಕ್ಯವನ್ನು ಅವನು ಗೋಡೆಗೆ ಅಂಟಿಸಿಕೊಂಡಿದ್ದ.

ಈ ಸಲದ ಆ್ಯಪು ನಗರದ ನಾಲ್ಕು ಬಡಾವಣೆಗಳಲ್ಲಿ ಶಾಖೆಗಳಿರುವ ಒಂದು ಕ್ಲಿನಿಕ್ಕಿನದು. ಮನೆಯಿಂದಲೇ ಡಾಕ್ಟರರ ಟೋಕನ್ ತೆಗೆದುಕೊಳ್ಳುವುದಕ್ಕೆ. ಅರವತ್ತು ದಾಟಿದ ಹನ್ನೆರಡು ಮಂದಿಗೆ ಕಳಿಸಿದ್ದರು. ಮೂರನೆಯ ನಂಬರಿನವರು ನಿವೃತ್ತ ಗುಮಾಸ್ತರಿರಬೇಕು, ಬ್ಯಾಟರಿ ಶೇಕಡಾ ಎಪ್ಪತ್ತೊಂದು ಎಂಬುದನ್ನೂ ಬಿಡದೆ ಪರದೆಯ ಮೇಲಿದ್ದ ಪ್ರತಿಯೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ, ಕೊನೆಗೆ 'ಮೇಲ್ಕಂಡಂತೆ' ಎಂದಿದ್ದರು. ಐದನೆಯವರು ಗಂಡ ಮಲಗಿದ್ದಾರೆಂದು ಇಡೀ ಪರೀಕ್ಷೆಯನ್ನು ಪಿಸುಮಾತಿನಲ್ಲಿ ಮುಗಿಸಿದ್ದರು. ಇವನ್ನೆಲ್ಲ ಅನುಪಮಾ ಎರಡು ಪಟ್ಟು ವೇಗದಲ್ಲಿ ಕೇಳುತ್ತಾಳೆ. ಮೈಸೂರಿನ ಹಿರಿಯರು ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬಿಡುತ್ತಾರೆ, ಅಷ್ಟು ಪುರಸೊತ್ತು ಆಫೀಸಿನಲ್ಲಿಲ್ಲ. ಎರಡು ಪಟ್ಟು ವೇಗದಲ್ಲಿ ಎಲ್ಲರ ದನಿಯೂ ಅಳಿಲಿನ ದನಿ. ನಾಲ್ಕು ವರ್ಷಗಳಿಂದ ಅವಳು ಊರಿನ ಅಳಿಲುಗಳ ಕಷ್ಟಸುಖವನ್ನು ಕೇಳುತ್ತ ಬಂದಿದ್ದಳು.

ಏಳನೆಯ ನಂಬರನ್ನು ತೆರೆಯುವ ಮೊದಲೇ ಸಿಂಚನ ಕುರ್ಚಿಯ ಸಮೇತ ಉರುಳಿಕೊಂಡು ಬಂದಿದ್ದಳು. ಪಕ್ಕದ ಮೇಜಿನವಳು, ಕೆಲಸಕ್ಕೆ ಸೇರಿ ಆರು ತಿಂಗಳು, ನಗು ಸದಾ ತುದಿನಾಲಗೆಯಲ್ಲಿ.

"ಅಕ್ಕಾ, ಏಳು ನೋಡಿದ್ರಾ? ಮೂರು ಗಂಟೆ ಒಂಬತ್ತು ನಿಮಿಷ ಇದೆ ಕಣಕ್ಕ! ಹನ್ನೊಂದು ನಿಮಿಷದ ಕೆಲಸ. ನಾನು ಅಲ್ಲಿಷ್ಟು ಇಲ್ಲಿಷ್ಟು ನೋಡಿ ಹೊಟ್ಟೆ ಹಿಡ್ಕೊಂಡು ಕೂತ್ಬುಟ್ಟೆ. ಫೋನಿಗೆ ಕಾಫಿ ಕೊಡ್ತೀನಿ ಅಂತಾರೆ ಅಜ್ಜಿ. ಫೋನಿಗೆ!"

"ಸಕ್ಕರೆ ಹಾಕ್ತಾರಂತಾ?"

"ಅದೇ ಕೇಳ್ತಾರೆ ಅಕ್ಕ, 'ಸಕ್ರೆನಾ ಬೆಲ್ಲಾನಾ' ಅಂತ! ನಾಲ್ಕು ಗಂಟೆ ಮೀಟಿಂಗ್‌ಗೆ ಇದೇ ಇರ್ಲಿ. ಸುಪ್ರೀತ್ ಸರ್‌ಗೆ ಆಗಲೇ ಹೇಳ್ಬಿಟ್ಟೆ."

ಮೀಟಿಂಗುಗಳ ಮೊದಲಿಗೆ ಜನ ಪೇಚಾಡುವ ನಾಲ್ಕು ನಿಮಿಷದ ತುಣುಕೊಂದನ್ನು ಹಾಕಿ ಬಂದವರನ್ನು ನಗಿಸುವುದು ಆ ಆಫೀಸಿನ ಸಂಪ್ರದಾಯ. ಅದನ್ನು ಹುಟ್ಟುಹಾಕಿದವಳೂ ಅನುಪಮಾಳೇ. ಯಾವ ಮುದುಕರು ಎಲ್ಲಿ ಎಡವಿದರೆ ಎಷ್ಟು ನಗು ಎಂಬುದರಲ್ಲಿ ಅವಳ ಅಂದಾಜು ತಪ್ಪಿದ್ದಿಲ್ಲ. ಈ ತುಣುಕಿನಿಂದಲೇ ಗೆದ್ದ ಕೆಲಸಗಳುಂಟು. ಹೊಸ ವರ್ಷದಿಂದ ಅವಳನ್ನು ಈ ಪರೀಕ್ಷೆಗಳ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡುವುದು ಇಂದಿನ ಮೀಟಿಂಗನ್ನು ನೋಡಿಕೊಂಡೇ ಎಂದು ಸುಪ್ರೀತ್ ಹೇಳಿದ್ದ. ಹೇಳುವಾಗ ಅವಳ ಕಡೆ ನೋಡದೆ ಗೋಡೆಯ ವಾಕ್ಯದ ಕಡೆ ನೋಡಿದ್ದ.

ಅವಳು ಏಳನ್ನು ತೆರೆದಳು. ಪರದೆಯ ಮೇಲೆ ಮೊದಲು ಅವಳೇ ಬರೆದ ಸೂಚನೆ ಬಂತು: 'ನಿಮ್ಮ ಮನಸ್ಸಿಗೆ ಬಂದದ್ದನ್ನು ನಿಸ್ಸಂಕೋಚವಾಗಿ ಹೇಳುತ್ತಿರಿ. ಇಲ್ಲಿ ತಪ್ಪು ಉತ್ತರ ಎಂಬುದಿಲ್ಲ. ಯಾರೂ ನಿಮ್ಮ ಮಾತನ್ನು ತಡೆಯುವುದಿಲ್ಲ. ನಾವು ಗಮನವಿಟ್ಟು ಕೇಳುತ್ತೇವೆ.' ಅಳಿಲು ಅದನ್ನು ಎರಡೆರಡು ಸಲ ಓದಿತು. ಆಮೇಲೆ ಈ ಸಲದ ಒಂದೇ ಕೆಲಸ: 'ನಿಮಗೆ ಮಂಡಿನೋವು ಇದೆ ಎಂದು ಊಹಿಸಿಕೊಳ್ಳಿ. ನಾಳೆ ಬೆಳಿಗ್ಗೆಗೆ ಟೋಕನ್ ತೆಗೆದುಕೊಳ್ಳಿ.' ಅಳಿಲು ನಕ್ಕಿತು. "ಊಯ್ಸ್ಕೊಳೋದೇನ್ ಬಂತು, ಬಂದ್ ನೋಡಿ ಸಾಮಿ, ಊದ್ಕೊಂಡ್ ಕೂತದೆ" ಎಂದಿತು. ಅನುಪಮಾಳಿಗೂ ನಗು ಬಂತು. ಟಿಪ್ಪಣಿಯಲ್ಲಿ 'ಊಹೆಗೂ ವಾಸ್ತವಕ್ಕೂ ಭೇದವಿಲ್ಲ' ಎಂದು ಬರೆದುಕೊಂಡಳು. ಬೆರಳು ಪರದೆಯ ಮೇಲೆ ಕಣಜದ ಹುಳುವಿನಂತೆ ಸುತ್ತಿ, ಇಳಿದು, ಹಾರಿ, ಇಪ್ಪತ್ತಮೂರನೆಯ ನಿಮಿಷಕ್ಕೆ ಟೋಕನ್ ನಂಬರ್ ಹದಿನಾಲ್ಕನ್ನು ಹಿಡಿದುಬಿಟ್ಟಿತು. ಆಗ ಪರದೆಯ ಮೇಲ್ತುದಿಯಿಂದ ಒಂದು ಮೆಸೇಜು ಇಳಿದುಬಂತು. ಕಳಿಸಿದವರು: ಅನುಪಮಾ ಮೇಡಂ. 'ಅತ್ತೆ, ನೀರಿನ ಕ್ಯಾನ್ ಬರುತ್ತೆ, ಇಸ್ಕೊಳ್ಳಿ. ಫೋನ್ ಮಾಡ್ಬೇಡಿ, ಮೀಟಿಂಗಲ್ಲಿದೀನಿ.'

ಅವಳು ತನ್ನ ಮೆಸೇಜನ್ನು ಬೇರೆಯವರ ಫೋನಿನ ಒಳಗಿನಿಂದ ನೋಡುತ್ತಿದ್ದಳು. ಮನೆಯ ಕಿಟಕಿಯಿಂದ ನೋಡುವಾಗ ಬೀದಿಯಲ್ಲಿ ತಾನೇ ನಡೆದುಬರುತ್ತಿರುವುದು ಕಂಡಂತಾಯಿತು. ವೇಗವನ್ನು ಕಳೆದು ಒಂದಕ್ಕೆ ತಂದಳು. ಅಳಿಲು ನೆಲಕ್ಕಿಳಿದು ದೇವಿರಮ್ಮನವರಾಯಿತು.

ದೇವಿರಮ್ಮ ಅವಳ ಅತ್ತೆ. ನಂಜನಗೂಡಿನ ಕಡೆಯವರು, ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಯೊಂದರಲ್ಲಿ ಆಯಾ ಆಗಿದ್ದು ನಿವೃತ್ತರಾಗಿ ಮಗನ ಮನೆಯಲ್ಲಿ, ಅಂದರೆ ಅನುಪಮಾಳ ಮನೆಯಲ್ಲಿ, ಇರುವವರು. ಕೆಳಗಿನ ಮನೆಯ ಗಗನ ಎಂಬ ಕಾಲೇಜು ಹುಡುಗಿ ಆ ಏಜೆನ್ಸಿಯ ಯಾರಿಗೋ ಹೇಳಿ ಅವರ ಹೆಸರನ್ನು ಸೇರಿಸಿದ್ದಳೆಂಬುದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಅನುಪಮಾಳನ್ನು ಕಾಡಿದ್ದು ಬೇರೆ. ಮೇಡಂ ಏಕೆ? ನೆನಪಾಯಿತು. ಒಂದು ಸಲ ಆಫೀಸಿನ ಗಡಿಬಿಡಿಯಲ್ಲಿ ಅತ್ತೆಯ ಕರೆಯನ್ನು ಎತ್ತಿಕೊಂಡು 'ಹೇಳಿ ಮೇಡಂ' ಎಂದುಬಿಟ್ಟಿದ್ದಳು. ಆ ಕಡೆಯಿಂದ ದೇವಿರಮ್ಮ 'ಅನುಪಮಾ ಮೇಡಂ ಅವ್ರಾ? ಎಸ್ರಿಗೆ ಉಪ್ಪು ಆಕಿದ್ರಾ ಮೇಡಂ?' ಎಂದು ಕೇಳಿದ್ದರು. ಇಬ್ಬರೂ ನಕ್ಕಿದ್ದರು. ನಕ್ಕದ್ದು ಮುಗಿದ ಮೇಲೆ ಒಬ್ಬರು ಅದನ್ನು ಫೋನಿನಲ್ಲಿ ಬರೆಸಿಟ್ಟಿದ್ದರು. ಇನ್ನೊಂದೂ ನೆನಪಾಯಿತು. ಕಳೆದ ಗುರುವಾರ ಆ ಹೊತ್ತಿಗೆ ಅವಳು ಮೀಟಿಂಗಿನಲ್ಲಿರಲಿಲ್ಲ. ಸಿಂಚನಳ ಜೊತೆ ರಸ್ತೆಯ ತಿರುವಿನಲ್ಲಿ ನಿಂತು ಚುರುಮುರಿ ತಿನ್ನುತ್ತಿದ್ದಳು. ಹೆಡ್‌ಫೋನಿನಲ್ಲಿ ದೇವಿರಮ್ಮ ಫೋನಿಗೆ ವಿವರಿಸುತ್ತಿದ್ದರು: "ನಮ್ ಸೊಸೆ. ಮೀಟಿಂಗಂತೆ. ಒಟ್ಟೆಗೇನಾರ ತಿಂದ್ಲೋ ಇಲ್ವೋ."

ಆಮೇಲೆ ಮುಗಿಯಬೇಕಾಗಿದ್ದದ್ದು ಮುಗಿಯಲಿಲ್ಲ. ಟೋಕನ್ ಬಂದ ಮೇಲಿನ ಪರದೆಯಲ್ಲಿ ಮೊದಲು ಒಂದು ಸಾಲಿತ್ತು: 'ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಬಂದದ್ದು ಬಹಳ ಸಂತೋಷ. ಇನ್ನು ಹೋಗಿಬನ್ನಿ.' ಸಣ್ಣ ಪರದೆಯ ಫೋನುಗಳಲ್ಲಿ ಈ ಸಾಲಿನ ದೆಸೆಯಿಂದ ಬಟನ್ನು ಕೆಳಗೆ ಹೋಗಿ ಅಡಗಿಕೊಳ್ಳುತ್ತದೆಂದು ಅನುಪಮಾ ಅದನ್ನು ಹೊಡೆದುಹಾಕಿದ್ದಳು; 'ಆ್ಯಪಿಗೆ ಯಾಕೆ ಇಷ್ಟು ಉಪಚಾರ' ಎಂದು ಅಂಚಿನಲ್ಲಿ ಬರೆದೂ ಇದ್ದಳು. ಈಗ ಅಲ್ಲಿ ಉಳಿದದ್ದು 'ಮುಗಿಸಿ' ಎಂಬ ಒಂದು ಬಟನ್ ಮಾತ್ರ. ಬೆರಳು ಅದರ ಹತ್ತಿರ ಹೋಗಿ ನಿಂತಿತು.

"ಮುಗಿಸಿ ಅಂತದೆ. ನಾನೇ ಮುಗಿಸೋದಾ? ಕರುದೋರು ನೀವು. ನೀವು ಓಗ್ಬನ್ನಿ ಅನ್ದೆ ನಾನೇ ಎದ್ರೆ ಮೊಕಕ್ ಒಡ್ದಂಗಾಗದಿಲ್ವಾ? ಆಯ್ತು, ನೀವೇನೋ ಬರ್ಕೋತಾ ಇದ್ದೀರಿ ಅನ್ನಿಸ್ತದೆ. ಬರ್ಕೊಳಿ, ಬರ್ಕೊಳಿ. ಆತ್ರ ಇಲ್ಲ ನಂಗೆ."

ಹಾಗೆಂದು ಅವರು ಕಾದರು. ಹೋಗುತ್ತೇನೆ ಎನ್ನದೆ ಹೋಗಿಬರುತ್ತೇನೆ ಎನ್ನುವ, ಎದುರಿನವರು 'ಹೂಂ' ಎನ್ನುವವರೆಗೆ ಹೊಸ್ತಿಲಲ್ಲೇ ನಿಂತು ಇನ್ನೂ ಮೂರು ಸುದ್ದಿ ಹೇಳುವ ಜನ. ಯಾರೂ ಕಳಿಸಿಕೊಡದಿದ್ದ ಮೇಲೆ ಹೇಗೆ ಎದ್ದುಹೋದಾರು? ಫೋನನ್ನು ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ ತಮ್ಮ ಪಾಡಿಗೆ ಕೆಲಸಕ್ಕೆ ತೊಡಗಿದರು. ಪರದೆ ಮಂಕಾಗತೊಡಗಿದಾಗಲೆಲ್ಲ "ತೂಕಡಿಸ್ತಾವ್ರೆ" ಎಂದು ಹತ್ತಿರ ಬಂದು ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದರು. ಹೀಗೆ ಬರಿಯ ಬಿಳಿಯ ಜಾಗದಲ್ಲಿ ಬಿದ್ದ ತಟ್ಟುಗಳನ್ನು ಅನುಪಮಾಳ ಕಂಪ್ಯೂಟರು ತಾನಾಗಿಯೇ ಎಣಿಸಿ, ಕೆಂಪು ಚುಕ್ಕೆಗಳಾಗಿ ತೋರಿಸಿ, 'ಉದ್ದೇಶವಿಲ್ಲದ ಸ್ಪರ್ಶಗಳು' ಎಂಬ ತಲೆಬರಹದ ಕೆಳಗೆ ಸೇರಿಸುತ್ತಿತ್ತು. ಚುಕ್ಕೆಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ಮಗುವಿನ ಬೆನ್ನಿನ ಮೇಲೆ ಬೀಳುವಂತೆ.

ಅವಳು ಊಟಕ್ಕೆ ಏಳಲಿಲ್ಲ. ಕೇಳಬಾರದೆಂದು ಅವಳಿಗೆ ಗೊತ್ತಿತ್ತು. ಪರಿಚಯದವರು ಬಂದರೆ ಒಡನೆಯೇ ಬಿಟ್ಟು ತಿಳಿಸಬೇಕೆಂಬ ನಿಯಮವನ್ನು ಬರೆದವಳೂ ಅವಳೇ. ಆದರೆ ಮೂರು ಗಂಟೆಯ ಮಧ್ಯಾಹ್ನದಲ್ಲಿ ತನ್ನ ಮನೆ ಹೇಗೆ ಸದ್ದು ಮಾಡುತ್ತದೆಂಬುದನ್ನು ಅವಳು ಎಂದೂ ಕೇಳಿರಲಿಲ್ಲ. ನೀರಿನ ಕ್ಯಾನು ಬಂತು. ರಾಗಿಹಿಟ್ಟು ಜರಡಿಯಲ್ಲಿ ಆಡಿತು. ದೇವಿರಮ್ಮ ಅಡುಗೆಮನೆಯಿಂದಲೇ ಕೂಗಿ ಫೋನಿಗೆ ಶಾಲೆಯ ಸುದ್ದಿ ಹೇಳಿದರು: ಒಂದನೇ ಕ್ಲಾಸಿನ ಹೊಸ ಮಕ್ಕಳು ಅಳುವುದಕ್ಕೆ ಮೊದಲು ಮೂಗು ಹೇಗೆ ಅರಳಿಸುತ್ತವೆ, ಇಪ್ಪತ್ತೆರಡು ವರ್ಷದಲ್ಲಿ ತಾವು ಒರೆಸಿದ ಮೂಗುಗಳಲ್ಲಿ ಒಂದು ಈಗ ಪೊಲೀಸು, ಒಂದು ಮೇಷ್ಟರು, ಒಂದು ಮೊನ್ನೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಿತು. ಒಗ್ಗರಣೆ ಚಟಪಟ ಎಂದಾಗ "ಎದ್ರುಕೋಬ್ಯಾಡಿ, ಸಾಸ್ವೆ" ಎಂದರು. ಅನುಪಮಾಳಿಗೆ ತಾನು ನಾಲ್ಕು ವರ್ಷದಲ್ಲಿ ಅತ್ತೆಯಿಂದ ಕೇಳಿದ್ದ ಸುದ್ದಿಗಳು ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು, ಅವರು 'ಒಂದ್ ಇಷ್ಯಾ ಗೊತ್ತಾ ಅನೂ' ಎಂದು ತೊಡಗಿದಾಗಲೆಲ್ಲ ತಾನು 'ಹೇಳಿ ಅತ್ತೆ, ಬೇಗ' ಎನ್ನುತ್ತಿದ್ದದ್ದು. ಆ 'ಬೇಗ'ದಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ವಿನಯವೇ ಇತ್ತು. ವಿನಯವಿದ್ದದ್ದರಿಂದಲೇ ಅದನ್ನು ತಪ್ಪೆಂದು ಎಣಿಸುವುದಕ್ಕೂ ಆಗಿರಲಿಲ್ಲ.

ರೆಕಾರ್ಡಿಂಗಿನ ಎರಡು ಗಂಟೆ ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ದೇವಿರಮ್ಮ ಕುರ್ಚಿ ಎಳೆದು ಫೋನಿನ ಎದುರು ಕುಳಿತರು. "ಇನ್ನೂ ಮುಗೀಲಿಲ್ವಾ ಬರ್ಯೋದು? ಕಾಪಿ ಮಾಡ್ಲಾ? ಸಕ್ರೆನಾ ಬೆಲ್ಲಾನಾ? ಏನ್ ಅಂತೀರೋ ಏನೋ, ನೀವು ಮಾತೇ ಆಡಾಕಿಲ್ಲ. ನಮ್ ಮನೇಲೂ ಒಬ್ಳವ್ಳೆ ಇಂಗೇ." ಸಿಂಚನ ಹೇಳಿದ್ದ ತುಣುಕು ಇದು. ನಿಜವಾಗಿಯೂ ನಗು ಬರುವಂಥದು. ನಾಲ್ಕು ನಿಮಿಷ ಕಾಫಿಯ ಉಪಚಾರ ನಡೆಯಿತು. ಇಪ್ಪತ್ತೆಂಟನೆಯ ನಿಮಿಷದ ಹತ್ತನೆಯ ಸೆಕೆಂಡಿಗೆ ಬಾಗಿಲು ತೆರೆದ ಸದ್ದು, ಚಪ್ಪಲಿ ಬಿಟ್ಟ ಸದ್ದು. ಆಮೇಲೆ ಒಂದು ಹೆಣ್ಣುದನಿ. ತೆಳ್ಳಗೆ, ಚುರುಕಾಗಿ, ಕತ್ತರಿ ಆಡಿಸಿದಂತೆ. ಯಾರೋ ಮೇಲಧಿಕಾರಿ ಒಳಗೆ ಬಂದರೇನೋ ಎಂದು ಅನುಪಮಾ ತನಗರಿವಿಲ್ಲದೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಅತ್ತೆ, ಯಾರ ಜೊತೆ ಮಾತಾಡ್ತಿದೀರಾ? ಮತ್ತೆ ಆ ಫೋನಾ? ನಿಮಗೆ ಅದೆಲ್ಲ ಗೊತ್ತಾಗಲ್ಲ ಅಂತ ಎಷ್ಟು ಸಲ ಹೇಳೋದು. ಇಡಿ ಅತ್ಲಾಗೆ. ಒಂದರ್ಧ ಗಂಟೆ ನನ್ನ ಯಾರೂ ಮಾತಾಡಿಸ್ಬೇಡಿ."

ಅವಳು ಅಲ್ಲಿಗೆ ನಿಲ್ಲಿಸಿದಳು. ಇನ್ನೂ ನಲವತ್ತೊಂದು ನಿಮಿಷ ಉಳಿದಿತ್ತು; ಕೊನೆಯಲ್ಲಿ 'ಬ್ಯಾಟರಿ ಮುಗಿದು ನಿಂತಿದೆ' ಎಂಬ ಗುರುತಿತ್ತು. ಕೇಳುವ ಧೈರ್ಯವಾಗಲಿಲ್ಲ.

ಒಂದೂವರೆಯಿಂದ ನಾಲ್ಕರವರೆಗೆ ಅವಳು ಉಪಾಯಗಳನ್ನು ಹುಡುಕಿದಳು. ಅಳಿಸಿಹಾಕಬಹುದು, ಆದರೆ ಯಾರು ಎಷ್ಟು ಗಂಟೆಗೆ ಅಳಿಸಿದರೆಂಬುದು ದಾಖಲಾಗುತ್ತದೆ. ದನಿ ಸರಿಯಿಲ್ಲವೆನ್ನಬಹುದು, ಸಿಂಚನ ಕೇಳಿಯಾಗಿದೆ. ನನ್ನ ಅತ್ತೆ ಎಂದು ಹೇಳಿ ಹಿಂದಕ್ಕೆ ತೆಗೆದುಕೊಳ್ಳಬಹುದು. ಹಾಗಾದರೆ ಈವರೆಗೆ ನಗಿಸಿದ ಅಳಿಲುಗಳೆಲ್ಲ ಯಾರ ಅತ್ತೆಯರು ಎಂದು ಯಾರೂ ಕೇಳಲಾರರು, ಆದರೆ ಅವಳ ಒಳಗೆ ಒಬ್ಬರು ಆಗಲೇ ಕೇಳುತ್ತಿದ್ದರು. ಮೂರನೆಯ ನಂಬರಿನ 'ಮೇಲ್ಕಂಡಂತೆ'ಗೆ ತಾನೇ ಎಷ್ಟು ನಕ್ಕಿದ್ದಳು! ಕಾಫಿಯ ನಾಲ್ಕು ನಿಮಿಷವನ್ನು ಮಾತ್ರ ಹಾಕಿ ಬಾಗಿಲ ಸದ್ದಿಗೆ ಮೊದಲು ನಿಲ್ಲಿಸಿದರೆ ಯಾರಿಗೂ ಏನೂ ತಿಳಿಯದು. ನಗು ಬರುತ್ತದೆ, ಹುದ್ದೆಯೂ ಬರುತ್ತದೆ. ಅತ್ತೆಯನ್ನು ಹತ್ತು ಜನರ ನಗುವಿಗೆ ಇಟ್ಟು ತನ್ನನ್ನು ಮಾತ್ರ ಬಾಗಿಲ ಹೊರಗೆ ಉಳಿಸಿಕೊಳ್ಳುವ ಉಪಾಯ. ಅಚ್ಚುಕಟ್ಟಾಗಿತ್ತು, ಅವಳ ಎಲ್ಲ ಕೆಲಸದಂತೆ. ಆ ನಾಲ್ಕು ನಿಮಿಷವನ್ನು ಕತ್ತರಿಸಿ ಬೇರೆಯಾಗಿಡುವುದಕ್ಕೆ ಸಮಯವಿತ್ತು. ಕತ್ತರಿಸಲಿಲ್ಲ. ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಳು, ಅಷ್ಟೆ.

ನಾಲ್ಕಕ್ಕೆ ಕ್ಲಿನಿಕ್ಕಿನವರು ಮೂವರು ಬಂದರು. ಮುಂದಾಳು ಡಾಕ್ಟರ್ ಮೈತ್ರೇಯಿ, ಐವತ್ತರ ಹತ್ತಿರದ ಹೆಂಗಸು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದವರು. ಸುಪ್ರೀತ್ ದೀಪ ಆರಿಸಿ, "ಮೊದಲು ನಿಮಗೆ ನಮ್ಮ ಅಜ್ಜಿಯೊಬ್ಬರನ್ನ ಪರಿಚಯ ಮಾಡಿಸ್ತೀವಿ" ಎಂದ. ನಮ್ಮ ಅಜ್ಜಿ! ಅನುಪಮಾ ಒತ್ತಿದಳು. ಗೋಡೆಯ ಮೇಲೆ ಹದಿನಾಲ್ಕನೆಯ ಟೋಕನ್ನು ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. "ಸಕ್ರೆನಾ ಬೆಲ್ಲಾನಾ" ಎಂಬಲ್ಲಿ ಎಲ್ಲರೂ ನಕ್ಕರು, 'ನಮ್ ಮನೇಲೂ ಒಬ್ಳವ್ಳೆ' ಎಂಬಲ್ಲಿ ಇನ್ನೂ ಜೋರಾಗಿ. ಅವಳೂ ನಕ್ಕಳು, ಏಕೆಂದರೆ ನಗದೆ ಕುಳಿತವಳ ಮೇಲೆ ಕಣ್ಣು ಬೀಳುತ್ತದೆ. ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ಹತ್ತನೆಯ ಸೆಕೆಂಡು ಬಂತು. ಈ ಜಾಗಕ್ಕೆ ಅನುಪಮಾ ಎರಡು ಪಾಠಗಳನ್ನು ಕೊಟ್ಟಳು. ತಾರಸಿಯ ಮೇಲೆ ಮೊದಲು ಹೇಳಿದ್ದು: ಬೇಕೆಂದೇ ಒತ್ತಲಿಲ್ಲ. ಒಂದು ಹಿಡಿ ಕಾಳು ಹಿದುಕಿದ ಮೇಲೆ ತಿದ್ದಿಕೊಂಡದ್ದು: ಒತ್ತಬೇಕೆಂದೇ ಇತ್ತು, ಬೆರಳು ಬೆವತು ಜಾರಿತು. ಎರಡೂ ಪಾಠಗಳಲ್ಲಿ ಬಾಗಿಲು ತೆರೆ­ಯಿತು, ಚಪ್ಪಲಿ ಬಿದ್ದವು, ಕತ್ತರಿ ಆಡಿತು.

ನಗು ಅಡಗಿತು. ಸಿಂಚನ ಮೊದಲು ಗೋಡೆಯನ್ನು ನೋಡಿ, ಆಮೇಲೆ ಅನುಪಮಾಳನ್ನು ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಇದು..." ಎಂದ ಸುಪ್ರೀತ್.

"ನನ್ನ ದನಿ. ಏಳನೇ ನಂಬರ್ ನಮ್ಮತ್ತೆ," ಎಂದಳು ಅನುಪಮಾ. ಈಗ ನಿಲ್ಲಿಸಬಹುದಾಗಿತ್ತು. ಆದರೆ ಗೋಡೆಯ ಮೇಲೆ ಕೋಣೆಯ ಬಾಗಿಲು ಮುಚ್ಚಿದ ಸದ್ದಾಗಿ, ಕುರ್ಚಿ ಹತ್ತಿರಕ್ಕೆ ಸರಿದು, ದೇವಿರಮ್ಮನವರ ದನಿ ತಗ್ಗಿ ಫೋನಿನ ಕಿವಿಗೆ ಬಾಯಿಟ್ಟಂತೆ ಕೇಳಿಸಿತು. ಅದನ್ನು ಅವಳೂ ಆಗಲೇ ಮೊದಲ ಸಲ ಕೇಳಿದ್ದು.

"ತಪ್ ತಿಳ್ಕೋಬ್ಯಾಡಿ. ನಮ್ ಸೊಸೆ, ಒಳ್ಳೇವ್ಳೇಯ. ಮನೇಗ್ ಬಂದೋರ್ ಎದ್ರುಗೆ ಅಂಗ್ ಮಾತಾಡೋಳಲ್ಲ, ನೀವಿರೋದು ಕಾಣ್ಲಿಲ್ಲ ಅವ್ಳ್ಗೆ. ಅವ್ಳ್ ಕೆಲ್ಸ ಏನ್ ಗೊತ್ತಾ? ಬೆಳಗಿಂದ ಸಂಜೆಗಂಟ ಯಾರ್ಯಾರೋ ಮಾತಾಡಿದ್ದ ಕೇಳ್ತಾ ಕೂತಿರ್ಬೇಕಂತೆ. ಮನೇಗ್ ಬರೋ ಒತ್ಗೆ ಕಿವಿ ತುಂಬೋಗಿರ್ತದೆ. ಇನ್ ನಮ್ದು ಎಲ್ಲಿಡ್ತಾಳೆ ಪಾಪ. ಕಾಪಿ ಆರೋಯ್ತು, ಇನ್ನೊಂದ್ ಲೋಟ ಮಾಡ್ಲಾ?"

ಯಾರೂ ನಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಯ ಮಾತಿಗೆ ಕ್ಲಿನಿಕ್ಕಿನ ಒಬ್ಬರು ನಕ್ಕು ಕೆಮ್ಮಿದರು. ಡಾಕ್ಟರ್ ಮೈತ್ರೇಯಿ ತಲೆಯ ಮೇಲಿನ ಕನ್ನಡಕವನ್ನು ಕಂಡುಕೊಂಡು ಹಾಕಿಕೊಂಡರು.

"ಆಮೇಲೆ ಅವರಿಗೆ ಯಾರಾದರೂ ಹೋಗಿಬನ್ನಿ ಅಂದ್ರಾ?"

"ಇಲ್ಲ ಮೇಡಂ. ಬ್ಯಾಟರಿ ಮುಗೀತು."

"ಯಾಕೆ ಅನ್ನಲಿಲ್ಲ?"

"ಅನ್ನೋ ಸಾಲು ಇತ್ತು. ಹೊಡೆದುಹಾಕಿದೋಳು ನಾನು."

ಸಾಲನ್ನು ಮತ್ತೆ ಸೇರಿಸಬೇಕೆಂದು ತೀರ್ಮಾನವಾಯಿತು. ಬಟನ್ನನ್ನು ಬೇಕಾದರೆ ಚಿಕ್ಕದು ಮಾಡಬಹುದು. ಸುಪ್ರೀತ್ ಬಾಗಿಲವರೆಗೆ ಬಂದು, "ನೀವು ಮೊದಲೇ ಹೇಳ್ಬೇಕಿತ್ತು ಅನುಪಮಾ" ಎಂದ; ಹುದ್ದೆಯ ಮಾತನ್ನು ಎತ್ತಲಿಲ್ಲ. ಜನವರಿಯವರೆಗೂ ಎತ್ತಿಲ್ಲ. ಅವಳು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಕಟ್ಟಿಕೊಂಡು ಹೋದಳು, ಬಾಗಿಲಲ್ಲಿ ಬಿಚ್ಚಲಾಗಲಿಲ್ಲ. ದೇವಿರಮ್ಮ ಎಂದಿನಂತೆ "ಬಂದ್ಯಾ" ಎಂದರು, ಅವಳು ಎಂದಿನಂತೆ "ಹೂಂ" ಎಂದಳು. ಹೂಟಗಳ್ಳಿಯ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡ ನಾಗೇಂದ್ರನಿಗೂ ಹೇಳಲಿಲ್ಲ. ಭಾಗವಹಿಸಿದವರ ಗುರುತನ್ನು ಯಾರಿಗೂ ತಿಳಿಸಬಾರದೆಂಬ ಆಫೀಸಿನ ನಿಯಮ ಅವಳಿಗೆ ಇಷ್ಟು ಅನುಕೂಲವಾದದ್ದು ಅದೇ ಮೊದಲು. ಐದು ವಾರ ಅವಳು ಆ ನಿಯಮದ ಹಿಂದೆ ಕುಳಿತಿದ್ದಳು. ಒಬ್ಬರ ಎದುರಿಗೆ ಆಡಲಾಗದ್ದನ್ನು ಒಂಬತ್ತು ಮಂದಿಯ ನಡುವೆ ಆಡಬಹುದೇನೋ ಎಂದು ತೋರಿದ್ದು ಈ ಭಾನುವಾರ, ಬುಟ್ಟಿ ತುಂಬ ಅವರೆಕಾಳನ್ನು ಕಂಡಾಗ.

ಇಷ್ಟು ಹೇಳಿ ಅವಳು ನಿಲ್ಲಿಸಿದಳು. ಆ ಒಂಬತ್ತು ಮಂದಿಯಲ್ಲಿ ದೇವಿರಮ್ಮನವರೂ ಒಬ್ಬರು. ಅವಳ ಎದುರಿಗೇ, ಬುಟ್ಟಿಯ ಆಚೆ ಬದಿಗೆ ಕುಳಿತು, ಕಥೆ ತೊಡಗಿದಾಗಿನಿಂದ ತಲೆ ಎತ್ತದೆ ಎಲ್ಲರಿಗಿಂತ ಚುರುಕಾಗಿ ಹಿದುಕುತ್ತಿದ್ದರು. ಕೆಳಗಿನ ಮನೆಯ ಗಗನ ತನ್ನ ಪಾತ್ರ ಬಂದು ಹೋದಾಗಿನಿಂದ ಸೆರಗಿಲ್ಲದ ಚೂಡಿದಾರದಲ್ಲಿ ಮುಖ ಮುಚ್ಚಿಕೊಳ್ಳುವುದಕ್ಕೆ ಜಾಗ ಹುಡುಕುತ್ತಿದ್ದಳು. ಎಲ್ಲರೂ ದೇವಿರಮ್ಮನವರ ಕೈಯನ್ನೇ ನೋಡುತ್ತಿದ್ದರು.

"ಅದೆಲ್ಲಾ ಇರ್ಲಿ ಅನೂ," ಎಂದರು ಅವರು ಕೊನೆಗೆ. "ಆ ಟೋಕನ್ನು ಸುಳ್ಳಾ?"

"ಯಾವ್ದು ಅತ್ತೆ?"

"ಹದ್ನಾಕು."

"ಅದು ಪರೀಕ್ಷೆಗೆ ಇಟ್ಟಿದ್ದು ಅತ್ತೆ. ಸುಮ್ನೆ ತೋರಿಸೋಕೆ."

"ಓ, ಅದ್ಕೇ ಮತ್ತೆ! ಮಾರ್ನೇ ದಿನ ಒಂಬತ್ ಗಂಟೆಗೇ ಓಗಿ ಕೂತಿದ್ದೆ ಕಣವ್ವ ಆ ಕ್ಲಿನಿಕ್ಕಲ್ಲಿ. ಹದ್ನಾಕು ಅಂದ್ರು, ಎದ್ದೆ. ಆ ಕಡೆಯಿಂದ ಒಬ್ಬಪ್ಪ ಎದ್ದ. ಅವ್ನ್ ಚೀಟೀಲೂ ಹದ್ನಾಕು! ನಾನ್ ಕೊಡ್ತೀನಾ? 'ಸಾಮಿ, ನಂದು ಫೋನಲ್ಲದೆ, ನೆನ್ನೆ ಮೂರ್ ಗಂಟೇಲೇ ತಕ್ಕಂಡಿವ್ನಿ' ಅಂತ ತಗುದ್ರೆ ಒಳ್ಗೇನೂ ಇಲ್ಲ, ಖಾಲಿ. ಅವ್ನೂ ನಂಗೇ ನೋಡ್ತಾನೆ, ಆ ಬರ್ಯೋ ಹುಡ್ಗೀನೂ ನಂಗೇ ನೋಡ್ತದೆ. ನಾನೇ ಏನೋ ತಪ್ಪಾಗ್ ಒತ್ಬುಟ್ಟಿವ್ನಿ ಅನ್ಕೊಂಡು, ತಪ್ಪಾಯ್ತು ಅಂದ್ಬುಟ್ಟು ಬಸ್ಸತ್ಕೊಂಡ್ ಬಂದ್ಬುಟ್ಟೆ."

ತಾರಸಿಯ ಮೇಲೆ ನಗು ಎದ್ದಿತು. ಎದುರುಮನೆಯ ಸುಮಾ ನಕ್ಕ ರಭಸಕ್ಕೆ ಅವಳ ಮಡಿಲಿನ ಬೇಳೆ ಚೆಲ್ಲಾಪಿಲ್ಲಿಯಾಯಿತು. ಅನುಪಮಾ ನಗದೆ, ಚೆಲ್ಲಿದ ಬೇಳೆಯನ್ನು ಒಂದೊಂದಾಗಿ ಹೆಕ್ಕಿದಳು. ಒಂದು ತಪ್ಪನ್ನು ಒಪ್ಪಿಸಿ ಹಗುರಾಗಲೆಂದು ಬಂದವಳ ಕೈಗೆ ತನಗೆ ಗೊತ್ತೇ ಇರದ ಇನ್ನೊಂದು ಬಂದು ಬಿದ್ದಿತ್ತು.

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

ದೇವಿರಮ್ಮ ಕೈಯಲ್ಲಿದ್ದ ಕಾಳನ್ನು ಒತ್ತಿದರು; ಬೇಳೆ ಚಿಮ್ಮಿ ಬೋಗುಣಿಗೆ ಬಿತ್ತು. "ಈಗ ಏಳ್ದೆ ಅಲ್ವಾ."

"ಮಂಡಿ ಈಗ ಹೇಗಿದೆ?"

"ಮಂಡಿಯಾ?" ದೇವಿರಮ್ಮ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಸೀರೆಯ ನೆರಿಗೆಯನ್ನು ಸರಿಮಾಡಿಕೊಂಡು, ಕಾಲನ್ನು ಅವಳ ಕಡೆಗೆ ನೀಡಿದರು. "ಅದೊಂದ್ ದೊಡ್ ಕತೆ ಕಣವ್ವ. ಇದು ಸುರುವಾಗಿದ್ದು ಎಂಗೆ ಅಂದ್ರೆ, ನಾನಿನ್ನೂ ಇಸ್ಕೂಲಲ್ಲಿದ್ದೆ, ಆಗ ಎಡ್ ಮಿಸ್ಸು ಬೇರೆಯೋರಿದ್ರು..."

ಈ ಕಥೆಯನ್ನು ಮೇಲಿನ ಮನೆಯವರು ಮೂರು ಸಲ, ಎದುರುಮನೆಯವರು ಐದು ಸಲ ಕೇಳಿದ್ದರು. ಕಾಳೂ ಮುಗಿದಿತ್ತು. ಸುಮಾ ಮೊದಲು ಎದ್ದು ಸೀರೆಯ ಸಿಪ್ಪೆ ಕೊಡವಿಕೊಂಡಳು. ಆಮೇಲೆ ಅತ್ತೆ ಸೊಸೆಯರನ್ನು ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಪಾಲಿನ ಬೇಳೆಯನ್ನು ಬಟ್ಟಲುಗಳಿಗೆ ತುಂಬಿಕೊಂಡು, ಸದ್ದಾಗದಂತೆ ಮೆಟ್ಟಿಲಿಳಿದು, ಮನೆಗಳಿಗೆ ಹೋದರು.